ಉಸಿರಾಡದ ನರ್ಸ್ ಬೇಕಾಗಿದ್ದಾರೆ

ನವನಗರದ ನಮ್ಮ ಖಾಸಗಿ ಆಸ್ಪತ್ರೆಯ ಆಡಳಿತಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಶ್ವಾಸಕೋಶಗಳೂ ಕ್ಷೇಮವೆಂದು ನಂಬಿ, ಎದೆರೋಗದ ವಾರ್ಡಿನ ನರ್ಸ್ ಸಂಘಮಿತ್ರಾ ಮಾಡುವ ವಂದನೆಗಳು. ತಮ್ಮ ಕೋಣೆಗೆ ಬರಲು ನನಗೆ ಅನುಮತಿ ಇಲ್ಲದ ಕಾರಣ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ, ಮನ್ನಿಸಬೇಕು.

ಹೋದ ವರ್ಷ ವಾರ್ಡಿಗೆ ಒಳ್ಳೆಯ ಮಾಸ್ಕ್ ಕೇಳಿದಾಗ ತಾವು, "ನೀವು ಮಾರಿ ಮುಚ್ಕೊಂಡ್ರ ಪೇಷಂಟ್ ಮಂದಿ ಅಂಜತಾರ್ರಿ" ಎಂದು ರೋಗಿಗಳ ಮನಸ್ಸಿನ ಬಗ್ಗೆ ತೋರಿದ ಕಾಳಜಿಯನ್ನು ಮರೆತಿಲ್ಲ. ಯಾರೂ ಅಂಜಲಿಲ್ಲ, ನನಗೆ ಕ್ಷಯ ಬಂತು. ಗೊತ್ತಾದ ದಿನವೇ ಬಂದು ತಿಳಿಸಿದೆ. ಗುಣವಾದ ಮೇಲೆ ಬರಲು ಹೇಳಿದಿರಿ, ನ್ಯಾಯವೇ. ಒಂದು ಗುಳಿಗೆಯನ್ನೂ ತಪ್ಪಿಸದೆ ನುಂಗಿ, ಗುಣವಾಗಿ, ಕೆಲಸಕ್ಕೆ ಅಡ್ಡಿಯಿಲ್ಲವೆಂದು ಸರಕಾರಿ ವೈದ್ಯರಿಂದ ಬರೆಸಿಕೊಂಡು ಬಂದರೆ, "ರೋಗ ಹೋಗೇತಿ ಖರೇರಿ, ಹೋಗಿದ್ದು ಮಂದಿಗೆ ಹೆಂಗ ಗೊತ್ತಾಗಬೇಕು?" ಎಂದು ಕೇಳಿ, ಅದು ಮುಂದೆಂದೂ ಬರುವುದಿಲ್ಲವೆಂಬ ಖಾತ್ರಿ ತರಲು ಅಪ್ಪಣೆ ಕೊಟ್ಟಿರಿ. ಅಂಥ ಖಾತ್ರಿ ಕೊಡುವ ವೈದ್ಯರು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ, ಧಾರವಾಡದಲ್ಲೂ ಸಿಗಲಿಲ್ಲ. ಆದ್ದರಿಂದ ಆ ವಾರ್ಡಿಗೆ ಇನ್ನು ಮುಂದೆ ಉಸಿರಾಡುವ ಅಭ್ಯಾಸವಿಲ್ಲದವರನ್ನೇ ನೇಮಿಸಬೇಕೆಂದು ವಿನಂತಿ.

ತಮ್ಮ ನಿಯಮದ ಪ್ರಭಾವ ದೊಡ್ಡದು. ಅದೇ ವಾರ್ಡಿನ ಆಯಾ ಮೌಲಾಬಿ (ಅವರು ಒಪ್ಪಿದ್ದರಿಂದಲೇ ಹೆಸರು ಬರೆದಿದ್ದೇನೆ) ಕಳೆದ ವಾರ ಲಕಮನಹಳ್ಳಿಯ ನಮ್ಮ ಮನೆಗೆ ಬಂದು, ಸೆರಗು ಬಾಯಿಗೆ ಒತ್ತಿ ಕೆಮ್ಮುತ್ತ ಕುಳಿತರು. ಇಷ್ಟು ದಿನ ಯಾಕೆ ತೋರಿಸಲಿಲ್ಲವೆಂದು ಗದರಿದೆ. "ನಿಮ್ಮ ಗತಿ ನೋಡೀನಲ್ರಿ ಅಕ್ಕಾ, ನಾ ಹೆಂಗ ಹೇಳ್ಲಿ? ಮನ್ಯಾಗ ಮಗಳ ಬಾಣಂತನ ಐತಿ" ಎಂದರು. ಹೀಗೆ ಕೆಮ್ಮುತ್ತಲೇ ಅವರು ತಮ್ಮ ಆಸ್ಪತ್ರೆಯ ರೋಗಿಗಳಿಗೆ ಗಂಜಿ ಕುಡಿಸಿದ್ದಾರೆ, ಮನೆಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಂಡಿದ್ದಾರೆ.

ಪರೀಕ್ಷೆ ಮಾಡಿಸಿದೆವು, ಕ್ಷಯವೇ. ಕೂಸಿಗೂ ತಪಾಸಣೆಯಾಯಿತು, ದೇವರು ದೊಡ್ಡವನು, ಏನೂ ಇಲ್ಲ. ಆ ಸುದ್ದಿ ಕೇಳಿ ಅತ್ತ ಮೌಲಾಬಿ ಕಣ್ಣೊರೆಸಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ, ಬಾಗಿಲ ಹೊರಗೇ ನಿಂತು, ಪಾಳಿ ಬದಲಾಗುವ ಹೊತ್ತಿಗೆ ಎಲ್ಲರೆದುರು, "ನನಗ ಟಿ.ಬಿ. ಐತಿ, ನೀವೂ ತೋರಿಸ್ಕೋರಿ" ಎಂದು ಹೇಳಿಬಿಟ್ಟರು. ತಾವು ಅವರನ್ನೂ ಮನೆಗೆ ಕಳಿಸಿ, ತಿರುಗಿ ಬರಬೇಡವೆಂದಿರಿ. ನರ್ಸುಗಳೂ ಆಯಾಗಳೂ ಮಾಸ್ಕ್ ಇಲ್ಲದೆ ಒಳಗೆ ಕಾಲಿಡುವುದಿಲ್ಲವೆಂದು ಅಂಗಳದಲ್ಲೇ ನಿಂತರು. ವರ್ಷವಿಡೀ ಸಿಗದ ಮಾಸ್ಕು ಸಂಜೆಯೊಳಗೆ ಸಿಕ್ಕಿತು. ತಮ್ಮ ಕಾರ್ಯದಕ್ಷತೆಗೆ ಅಭಿನಂದನೆಗಳು.

ಸೋಮವಾರ ನಾನು ಕೆಲಸಕ್ಕೆ ಬರುತ್ತೇನೆ. ಮೌಲಾಬಿ ಗುಣವಾದ ಮೇಲೆ ಬರುತ್ತಾರೆ. ಗೇಟಿನಲ್ಲಿ ತಡೆದರೆ ಉಳಿದ ನರ್ಸುಗಳೂ ಆಯಾಗಳೂ ನಮ್ಮ ಜೊತೆ ಅಲ್ಲೇ ನಿಲ್ಲುತ್ತಾರಂತೆ, ತಮಗೆ ತಿಳಿಸಲು ಹೇಳಿದ್ದಾರೆ.

ಇಂತಿ, ಈಗ ಯಾರಿಗೂ ಅಂಟದ
ತಮ್ಮ ವಿಶ್ವಾಸಿ,
ಸಂಘಮಿತ್ರಾ

ತಾ.ಕ.: ಮೌಲಾಬಿಯವರ ಜಾಗಕ್ಕೆ ಜನ ಬೇಕೆಂಬ ತಮ್ಮ ಜಾಹೀರಾತು ಓದಿದೆ. "ಸುಳ್ಳು ಹೇಳಲು ಚೆನ್ನಾಗಿ ಬರಬೇಕು" ಎಂಬ ಮುಖ್ಯ ಅರ್ಹತೆ ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿಕೊಳ್ಳಿ.