ತೈಲವರ್ಣದಲ್ಲಿ ತೂತು ಬನಿಯನ್

ಗಲ್ಫಿನ ದೇರಾದ ಆ ಇಡೀ ಕಟ್ಟಡದಲ್ಲಿ ಇಸ್ತ್ರಿ ಇಲ್ಲದ ಅಂಗಿಯಲ್ಲಿ ಯಾರ ಕಣ್ಣಿಗೂ ಬೀಳದ ಏಕೈಕ ಗಂಡಸು ತಾನೇ ಎಂಬುದು ಕ್ಯಾಮಿಲಸರ ಹೆಮ್ಮೆ. ಕರಾವಳಿ ಸಂಘದ ಕಾರ್ಯದರ್ಶಿಗಳು ಅವರು. ಕಸದ ಚೀಲ ಎಸೆಯಲಿಕ್ಕೂ ಪ್ಯಾಂಟು ಹಾಕಿಕೊಂಡೇ ಹೋಗುವವರು. ಅಂಥವರನ್ನು ಹೆಂಡತಿ ಸಿಸಿಲಿಯಾ ಆಳುದ್ದದ ಕ್ಯಾನ್ವಾಸಿನ ಮೇಲೆ ತೂತು ಬನಿಯನ್ನಿನಲ್ಲಿ ಮಲಗಿಸಿಬಿಟ್ಟಿದ್ದಳು! ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ, ಮೀನೂಟ ಹೊಡೆದು, ಸೋಫಾದ ಮೇಲೆ ಬಾಯಿ ತೆರೆದು ಬಿದ್ದ ಕ್ಯಾಮಿಲಸರು. ಲುಂಗಿ ಮೊಣಕಾಲಿನ ಮೇಲೆ. ತೂತಿನಿಂದ ಹೊಟ್ಟೆ ಇಣುಕುತ್ತಿತ್ತು. ಮುಂದಿನ ವಾರ ಅಬುಧಾಬಿಯಲ್ಲಿ ಅವಳ ಮೊದಲ ಚಿತ್ರಪ್ರದರ್ಶನ. ಸಂಘದವರೆಲ್ಲ ಬಸ್ಸು ಮಾಡಿಕೊಂಡು ಬರುವವರಿದ್ದರು. ಬಸ್ಸು ಗೊತ್ತುಮಾಡಿದ್ದೂ ಕಾರ್ಯದರ್ಶಿಗಳೇ, ಚಿತ್ರ ನೋಡುವ ಮೊದಲು.

ಸಿಟ್ಟು ನೆತ್ತಿಗೇರಿತು. ಅದನ್ನು ಕಳಿಸಬೇಡ ಎಂದರು, ಅವಳು ಕೇಳಲಿಲ್ಲ. ತೂತನ್ನಾದರೂ ಮುಚ್ಚು ಎಂದರು. ಅದು ದರ್ಜಿಯ ಕೆಲಸ, ತನ್ನದಲ್ಲ ಎಂದಳು. ಮಗಳು ಸ್ಟೇಸಿಯನ್ನು ನ್ಯಾಯಕ್ಕೆ ಕರೆದರು. ಅವಳು ಫೋನಿನಿಂದ ತಲೆ ಎತ್ತಿ, “ಬಟ್ ಡ್ಯಾಡಿ, ದಟ್ಸ್ ಯೂ” ಎಂದವಳೇ ಗೆಳತಿಯರ ಜೊತೆ ಮಾಲ್‌ಗೆ ಹೊರಟಳು.

ಸರಿ, ತನ್ನ ಮಾನ ತಾನೇ ಮುಚ್ಚಿಕೊಳ್ಳುವುದೆಂದು ಕ್ಯಾಮಿಲಸರು ತೀರ್ಮಾನಿಸಿದರು. ಅಂದು ಶನಿವಾರ, ಅವರಿಗೆ ರಜೆ. ಸಿಸಿಲಿಯಾ ಆಸ್ಪತ್ರೆಯ ಡ್ಯೂಟಿಗೆ ಹೋದ ಬೆನ್ನಿಗೇ, ಅಂಗಿ ಹಾಳಾಗಬಾರದೆಂದು ಬಿಚ್ಚಿಟ್ಟು, ಅದೇ ಬನಿಯನ್ನಿನಲ್ಲಿ ಕುಂಚ ಹಿಡಿದರು. ಊರಲ್ಲಿ ಗೇಟಿಗೆ ಬಣ್ಣ ಬಳಿದ ಅನುಭವಸ್ಥರಿಗೆ ಒಂದು ತೂತು ಯಾವ ಲೆಕ್ಕ!

ಬಿಳಿ ಬಣ್ಣವನ್ನು ತೂತಿನ ಮೇಲಿಟ್ಟರು. ಅಡಿಯ ಬಣ್ಣ ಇನ್ನೂ ಹಸಿ. ಹೊಟ್ಟೆಯ ಕಂದು ಬಿಳಿಯೊಳಗೆ ಕಲಸಿಕೊಂಡು ಬನಿಯನ್ ಮೇಲೆ ಮೀನು ಸಾರು ಚೆಲ್ಲಿದಂತಾಯಿತು. ಒರೆಸಿದರು; ಹೊಟ್ಟೆ ಎದೆಯವರೆಗೆ ಬಂತು. ಎದೆ ಒರೆಸಿದರೆ ಗದ್ದವೇ ಹೋಯಿತು. ಬಣ್ಣ ಕಂಡುಹಿಡಿದವನ ವಂಶಕ್ಕೇ ಶಾಪ ಹಾಕುತ್ತ, ಎಲ್ಲದರ ಮೇಲೊಂದು ಕೋಟು ತೊಡಿಸಿಬಿಡೋಣವೆಂದು ಕಪ್ಪು ಟ್ಯೂಬನ್ನು ಪೂರ್ತಿ ಹಿಂಡಿದರು. ಟೈ ಕಟ್ಟಲು ಹೋದ ಕುಂಚ ಮೂಗಿನವರೆಗೆ ಜಾರಿತು. ಆಮೇಲೆ ಹಿಂದೆ ಸರಿದು ನೋಡಿದರು. ಕೋಟು-ಟೈ ತೊಡಿಸಿ ಅಂಗಾತ ಮಲಗಿಸುವುದು ಯಾರನ್ನೆಂದು ಕ್ರೈಸ್ತರ ಮನೆಯಲ್ಲಿ ಬೇರೆ ಹೇಳಬೇಕೆ?

ಇದರಲ್ಲೇ ಸಂಜೆಯಾಗಿತ್ತು. ಬಾಗಿಲು ತೆರೆಯಿತು. ಸಿಸಿಲಿಯಾ ಚಿತ್ರ ನೋಡಿದಳು, ಗಂಡನನ್ನು ನೋಡಿದಳು.

“ಯಾರು ಸತ್ತದ್ದು?”

ತಪ್ಪು ಮಾಡಿದವನ ಸಿಟ್ಟಿಗೆ ಸದ್ದು ಹೆಚ್ಚು. ಎಲ್ಲ ಅವಳಿಂದಲೇ ಆದದ್ದೆಂದು ಕ್ಯಾಮಿಲಸರು ಕೂಗಾಡಿದರು. ಸಂಘದಲ್ಲಿ ತನ್ನ ಮರ್ಯಾದೆ ಎಂತ ಆಗಬೇಕೆಂದು ಕೇಳಿದರು. ಸಿಸಿಲಿಯಾ ಕೈಚೀಲವನ್ನು ಸೋಫಾದ ಮೇಲೆ ಎಸೆದಳು.

“ದಿನವಿಡೀ ವಾರ್ಡಲ್ಲಿ ನಿಂತು, ಮನೆಗೆ ಬಂದು ಪುನಃ ನಿಂತು ಬಿಡಿಸಿದ್ದು ನಾನು. ನಿಮ್ಮನ್ನು ಮಲಗಿದಲ್ಲೇ ಯಾಕೆ ಬಿಡಿಸಿದ್ದು ಗೊತ್ತುಂಟಾ? ನಿದ್ದೆಯಲ್ಲಿ ಮಾತ್ರ ನಿಮ್ಮ ಮುಖದಲ್ಲಿ ಸಿಟ್ಟು ಇರುವುದಿಲ್ಲ. ನನಗೆ ಬೇಕಾದದ್ದು ಆ ಮುಖ. ಅದನ್ನೇ ಒರೆಸಿ ಹಾಕಿದಿರಿ.”

ಕ್ಯಾಮಿಲಸರ ಸಿಟ್ಟು ಇಳಿದುಹೋಯಿತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಇದನ್ನು ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ. ಕೈ ತೊಳೆಯಲು ಮೆಲ್ಲಗೆ ಹೊರಟರೆ ಅವಳು ತಡೆದಳು. ಒಳಗಿಂದ ಹೊಸ ಕ್ಯಾನ್ವಾಸ್ ತಂದು ಎದುರಿಗೆ ನಿಲ್ಲಿಸಿದಳು.

“ಅಂಗಿಯಾದರೂ ಹಾಕಿಕೊಳ್ಳಲಾ?” ಎಂದರು ಕಾರ್ಯದರ್ಶಿಗಳು, ಬೆಕ್ಕಿನ ದನಿಯಲ್ಲಿ.

“ಬೇಡ, ಅಲುಗಾಡಬೇಡಿ,” ಎಂದು ಸಿಸಿಲಿಯಾ ಕುಂಚ ಎತ್ತಿಕೊಂಡಳು. “ಎಚ್ಚರ ಇರುವಾಗ ಆ ಮುಖ ಸಿಕ್ಕಿದ್ದು ಇವತ್ತೇ.”