ಹವಲ್ಲಿ ಅಂಗಡಿಯ ಬ್ರಿಟಿಷ್ ಜಡ್ಜು

ಕುವೈತಿನ ಹವಲ್ಲಿ ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ವ್ಯಾಪಾರ ಒಂದೇ ಕೆಲಸವಲ್ಲ. ಊರವರ ಸಂಘದವರು ಬಾಗಿಲು ತಳ್ಳಿ ಒಳಗೆ ಬಂದರೆಂದರೆ ನನ್ನ ಗ್ರಹಚಾರ ಶುರುವಾಯಿತೆಂದೇ ಅರ್ಥ. ಒಂದು ವರ್ಷ ಪಾಯಸ ಬಡಿಸಿದೆ. ಇನ್ನೊಂದು ವರ್ಷ ಹಗ್ಗಜಗ್ಗಾಟದಲ್ಲಿ, ತೂಕ ಉಂಟೆಂದು, ಹಗ್ಗದ ತುದಿಗೆ ನಿಲ್ಲಿಸಿದರು. ಈ ವರ್ಷ ಬ್ರಿಟಿಷ್ ಜಡ್ಜು ಆದೆ.

ಆಯ್ಕೆ

ಸಂಘದ ಕಾರ್ಯದರ್ಶಿ ಜಾಬ್ರಿಯಾದ ಆಸ್ಪತ್ರೆಯೊಂದರಲ್ಲಿ ನರ್ಸ್. ನಾವು ಬಾಯಮ್ಮ ಅನ್ನುವುದು. ನಾಟಕ ಬರೆದವರೂ ಅವರೇ. ಬ್ರಿಟಿಷರ ಕಾಲದ ಮಂಗಳೂರು, ಅಲ್ಲೊಬ್ಬ ಜಡ್ಜು ದೊರೆ. ಮಧ್ಯಾಹ್ನದವರೆಗೆ ಶಿಕ್ಷೆ ಕೊಡುವುದು, ಆಮೇಲೆ ಬ್ಯಾಟು ಹಿಡಿದು ಮೈದಾನಕ್ಕೆ ಓಡುವುದು.

"ನನಗೆ ನಟನೆ ಬರುದಿಲ್ಲ ಬಾಯಮ್ಮ," ಎಂದೆ.

"ನಟನೆ ಯಾರಿಗೆ ಬೇಕು ಮಾರಾಯ್ರೆ? ಗಿರಾಕಿ ರೇಟು ಕಮ್ಮಿ ಮಾಡಿ ಅಂದಾಗ ಒಂದು ಮುಖ ಮಾಡ್ತೀರಲ್ಲ, ಅದೇ ಸಾಕು."

ದೊರೆಯ ಬಂಗಲೆಯ ಮಾವಿನಹಣ್ಣು ಕದ್ದ ಕಳ್ಳನ ಪಾತ್ರಕ್ಕೆ ನನ್ನ ಅಂಗಡಿಯ ಸೇಲ್ಸ್‌ಮನ್ನನ್ನೇ ಆರಿಸಿದರು. ಅವನಿಗೆ ತಂಗಿಯ ಮದುವೆಗೆ ಊರಿಗೆ ಹೋಗಬೇಕಿತ್ತು. ಮುಹೂರ್ತ ಬಿದ್ದದ್ದು ಸರಿಯಾಗಿ ಈದ್ ಹಬ್ಬದ ಮುಂಚಿನ ವಾರ. ನಮ್ಮದು ಮಕ್ಕಳ ಬಟ್ಟೆಯ ಅಂಗಡಿ. ಆ ವಾರ ಅರ್ಧ ಹವಲ್ಲಿ ನಮ್ಮಲ್ಲೇ ಇರುತ್ತದೆ. ರಜೆ ಇಲ್ಲ ಎಂದಿದ್ದೆ.

"ಈ ಪಾತ್ರಕ್ಕೆ ಅಭ್ಯಾಸ ಬೇಡ ಧಣಿ," ಎಂದ. "ದಿನಾ ನಿಮ್ಮೆದುರು ಕೈಕಟ್ಟಿ ನಿಲ್ಲುದೇ ಅಲ್ವಾ?"

ಆಟ

ದೊರೆ ಬ್ಯಾಟು ಹಿಡಿಯುವ ಠೀವಿ ಸರಿಯಿರಬೇಕೆಂದು ಬಾಯಮ್ಮನ ಹಠ. ಶುಕ್ರವಾರ ಸಬ್ಹಾನಿನ ನಮ್ಮ ಗೋಡೌನಿನ ಹಿಂದೆ ಅಭ್ಯಾಸ. ಬೌಲರ್ ನಮ್ಮ ಸೇಲ್ಸ್‌ಮನ್. ಮೊದಲ ಚೆಂಡು ಮೆತ್ತಗೆ ಬಂತು.

"ಧಣಿ, ರಜೆ?"

"ಈದ್ ಮುಗೀಲಿ."

ಎರಡನೆಯದು ಮೊಣಕಾಲಿಗೇ ಬಂತು.

"ಧಣಿ, ಈಗ?"

ಮೂರನೆಯದಕ್ಕೆ ನಾನು ಕಾಯಲಿಲ್ಲ. ಬ್ಯಾಟು ಎಸೆದು ಪಿಕಪ್ ಗಾಡಿಯ ಹಿಂದಕ್ಕೆ ಓಡಿದೆ.

"ರನ್ನಿಂಗ್ ಫಸ್ಟ್ ಕ್ಲಾಸ್!" ಎಂದರು ಬಾಯಮ್ಮ.

ವೇಷ

ಜಡ್ಜನ ಬಿಳಿ ಕೂದಲಿನ ಟೋಪನ್ನು ಬಾಯಮ್ಮ ಹತ್ತಿ ಅಂಟಿಸಿ ಮಾಡಿಕೊಟ್ಟರು. ಮನೆಯಲ್ಲಿ ಹಾಕಿ ನೋಡಿದೆ. ಬೆವರಿಗೆ ಹತ್ತಿಯೆಲ್ಲ ಇಳಿದು ಹುಬ್ಬಿಗೂ ಕಿವಿಗೂ ಮೆತ್ತಿಕೊಂಡಿತು. ದೊರೆ ಹೇಗಿದ್ದಾನೆಂದು ಮಗಳನ್ನು ಕೇಳಿದೆ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲೇ.

"ಡ್ಯಾಡಿ, ಯೂ ಲುಕ್ ಲೈಕ್ ನರ್ಸ್ ಆಂಟಿಸ್ ಪೇಶೆಂಟ್."

ತೀರ್ಪು

ನಾಟಕದ ದಿನ ಸಭಾಂಗಣ ತುಂಬಿತ್ತು. ನಾನು ಮೇಜು ಕುಟ್ಟಿ, ಬಾಯಮ್ಮ ಬರೆದಂತೆಯೇ, "ಕಳ್ಳಾ, ಹೇಳಲಿಕ್ಕೆ ಏನಾದರೂ ಉಂಟೋ?" ಎಂದೆ. ಅವನು "ಇಲ್ಲ ದೊರೆ" ಎನ್ನಬೇಕು, ನಾನು ಜೈಲಿಗೆ ಕಳಿಸಬೇಕು. ಅಲ್ಲಿಗೆ ನಾಟಕ ಮುಗಿಯಬೇಕು.

ಆದರೆ ಆಸಾಮಿ ಊರಿನಲ್ಲಿ ತಾಳಮದ್ದಲೆಗೆ ಕೂತು ಅರ್ಥ ಹೇಳುತ್ತಿದ್ದವನು. ಅಂಥವರು ಬರೆದುಕೊಟ್ಟ ಮಾತು ಆಡುವುದಿಲ್ಲ, ಎದುರಿನವನನ್ನು ವಾದದಲ್ಲಿ ಕಟ್ಟಿಹಾಕದೆ ಏಳುವುದೂ ಇಲ್ಲ. ಅಂಥವರಿಗೆ ಪ್ರಶ್ನೆ ಕೇಳಲೇಬಾರದು.

"ಉಂಟು ದೊರೆ!" ಎಂದ ಸ್ವರ ಏರಿಸಿ. "ತಾವು ದಿನವೂ ನ್ಯಾಯಪೀಠ ಬಿಟ್ಟು ಚೆಂಡಾಟಕ್ಕೆ ಹೋಗುವುದು ಸತ್ಯವೋ, ಸುಳ್ಳೋ?"

"ಸತ್ಯ," ಎಂದೆ, ಬೇರೇನೂ ತೋಚದೆ.

"ಅದರಿಂದ ನ್ಯಾಯಾಲಯ ಮುಳುಗಿತೋ?"

"ಇಲ್ಲ."

"ಚೆಂಡಿನ ಹಿಂದೆ ಓಡುವ ದೊರೆಗೆ ಬಿಡುವು ಉಂಟು! ತಂಗಿಯ ಧಾರೆಗೆ ನಿಲ್ಲಬೇಕಾದ ಅಣ್ಣನಿಗೆ ಮಾತ್ರ ಇಲ್ಲ! ಇದು ನ್ಯಾಯವೋ, ಜವಳಿ ವ್ಯಾಪಾರವೋ?"

ಚಪ್ಪಾಳೆಗೆ ಚಾವಣಿ ಹಾರುವುದೊಂದು ಬಾಕಿ. ಮೊದಲ ಸಾಲಿನಲ್ಲಿದ್ದ ನನ್ನ ಹೆಂಡತಿಯೇ ಎದ್ದು ನಿಂತು, "ಕೊಡಿ ಮಾರಾಯ್ರೆ, ಮರ್ಯಾದೆ ತೆಗೀಬೇಡಿ!" ಎಂದಳು.

ಸಭೆಯ ಮೇಲೊಮ್ಮೆ ಕಣ್ಣಾಡಿಸಿದೆ. ಕೂತವರೆಲ್ಲ ನನ್ನ ಗಿರಾಕಿಗಳೇ. ಮೇಜು ಕುಟ್ಟಿದೆ.

"ಮದುವೆ ಮುಗಿಸಿಕೊಂಡು ಬಾ. ಖಲಾಸ್!"

ಪರದೆ ಬೀಳುತ್ತಲೇ ಬಾಯಮ್ಮ ಓಡಿಬಂದರು. "ಎಂತ ಮಾಡಿಬಿಟ್ರಿ! ಕಳ್ಳನನ್ನು ಊರಿಗೆ ಕಳಿಸಿದ್ರೆ ಜೈಲಿಗೆ ಹೋಗುದು ಯಾರು?"

"ನಾನೇ ಬಾಯಮ್ಮ," ಎಂದೆ. "ಈದ್ ಮುಗಿಯುವ ತನಕ ಕೌಂಟರಿನ ಹಿಂದೆ."