ಹಗ್ಗ ಬಿಟ್ಟು ಬಂದ ಕಂಪ್ಯೂಟರು

ನಮ್ಮ ಮೈದುನ ಕಂಪ್ಯೂಟರಿನ ಹಲ್ಲು ನೋಡಿ ವಯಸ್ಸು ಹೇಳುತ್ತಾನೆ. ನಗಬೇಡಿ. ನಗಲೇಬೇಕೆಂದರೆ ಪೂರ್ತಿ ಓದಿ ನಗಿರಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದರಲ್ಲಿ ತಪ್ಪಿರಬಹುದು, ಹೇಳುವುದರಲ್ಲಿ ಇಲ್ಲ.

ಮೈದುನ ಎಂದರೆ ನನ್ನ ಯಜಮಾನರ ಕೊನೆಯ ತಮ್ಮ. ನಾನು ಈ ಬೈಲಹೊಂಗಲದ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಈಗ ಎಪ್ಪತ್ತು ಮುಟ್ಟಿದ್ದಾನೆ. ನಡುವಿನ ಕಾಲವನ್ನೆಲ್ಲ ದನದ ಪೇಟೆಯಲ್ಲಿ ಕಳೆದ. ಎತ್ತಿನ ದಲಾಲ. ಎತ್ತಿನ ಬಾಯಿ ಅಗಲಿಸಿ ಹಲ್ಲು ಎಣಿಸಿ, ಗೊರಸು ಬಡಿದು, ಬಾಲ ಎತ್ತಿ ನೋಡಿದನೆಂದರೆ ಎತ್ತಿನ ವಯಸ್ಸು, ಅದು ತಿಂದ ಮೇವು, ಮಾರುವವನು ಹೇಳುತ್ತಿರುವ ಸುಳ್ಳು ಎಲ್ಲ ಹೊರಬೀಳುತ್ತಿತ್ತು. ಸವದತ್ತಿ, ರಾಮದುರ್ಗದವರೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವನ ಊಟ ನಮ್ಮ ಒಲೆಯದೇ. ಈಗ ಹೊಲದ ತುಂಬ ಟ್ರ್ಯಾಕ್ಟರು. ಎತ್ತಿನ ಹಲ್ಲು ನೋಡಲು ಯಾರು ಕರೆಯುತ್ತಾರೆ? ಮನುಷ್ಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರ ಹಲ್ಲು ನೋಡುತ್ತಿದ್ದ.

ಹೀಗಿರುವಾಗ ರಜೆಗೆ ಬಂದ ನನ್ನ ಮೊಮ್ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಅವನಿಗೊಂದು ಆಟ ತೋರಿಸಿದಳು. ಹೊಲ ಮಾಡುವ ಆಟ. ಉಳುವುದು, ಬಿತ್ತುವುದು, ರಾಶಿ ಮಾಡುವುದು, ದನ ಸಾಕುವುದು. ಇವನು ಊಟ ಬಿಟ್ಟು ಕುಳಿತ. ಮೂರನೆಯ ದಿನ ಲ್ಯಾಪ್‌ಟಾಪು ಕಾದ ಹೆಂಚಿನಂತಾಗಿ ನಿಂತೇಬಿಟ್ಟಿತು. ಮೈದುನ ಅದರ ಬೆನ್ನು ಸವರಿ ತೀರ್ಪು ಕೊಟ್ಟ.

"ಇದು ಇನ್ನೂ ಕರಾ ಐತಿ. ಇದಕ್ಕ ಬಂಡಿ ಹೂಡಬಾರದು. ಆಟಕ್ಕಂತನ ಒಂದು ಬ್ಯಾರೆ ಕಂಪ್ಯೂಟರ್ ಕಟ್ಟಬೇಕು."

"ಕಟ್ಟೂದ್ಯಾಕ? ಅಂಗಡ್ಯಾಗ ತಯಾರಿದ್ದದ್ದ ತಂದ್ರಾತು" ಎಂದೆ.

"ಹೂಡಿದ ಬಂಡಿ ಯಾರರೆ ಕೊಳ್ಳತಾರೇನ್ರಿ ವೈನಿ? ಗಾಲಿ ಒಂದ ಕಡೆ, ನೊಗ ಒಂದ ಕಡೆ, ಎತ್ತ ಒಂದ ಕಡೆ. ಎಲ್ಲಾ ಆರಿಸಿ ತರಬೇಕು."

ಅಂದಿನಿಂದ ಶುರುವಾಯಿತು. ಮೊಬೈಲಿನಲ್ಲಿ ವಿಡಿಯೋ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು, ಬರೆದದ್ದನ್ನು ನನಗೆ ಒಪ್ಪಿಸುವುದು. ನಾನು ಬೇಳೆ ಆರಿಸುತ್ತ ಕೇಳುತ್ತಿದ್ದೆ. ಪ್ರೊಸೆಸರ್ ಎಂದರೆ ಎಡಗಡೆಯ ಎತ್ತು. ಗ್ರಾಫಿಕ್ಸ್ ಕಾರ್ಡ್ ಎಂದರೆ ಬಲಗಡೆಯದು. ಎರಡೂ ಸರಿಜೋಡಿಯಾಗಬೇಕು, ಒಂದು ಓಡಿ ಒಂದು ತೆವಳಿದರೆ ದುಡ್ಡು ಮಣ್ಣು. ಪವರ್ ಸಪ್ಲೈ ಎಂದರೆ ಮೇವು. ರ‍್ಯಾಮ್ ಎಂದರೆ ರಾಶಿಯ ಕಣ, ಡಿಸ್ಕ್ ಎಂದರೆ ಕಾಳು ತುಂಬುವ ಹಗೇವು. ಕಣ ಸಣ್ಣದಾದರೆ ಹಗೇವು ಎಷ್ಟು ದೊಡ್ಡದಿದ್ದು ಏನು ಉಪಯೋಗ? ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಕಾಲೇಜು ಬೇಕಾಗುತ್ತದೆ. ಹೀಗೆ ಹೇಳಿದರೆ ನನಗೂ ತಿಳಿಯುತ್ತದೆ.

ತಿಳಿಯದೆ ಹೋದದ್ದು ಅವನ ಮಗನಿಗೆ ಮಾತ್ರ. ಮಗ ಇದೇ ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಒಂದು ಮುಂಜಾನೆ ಬಂದು ನನ್ನ ಮುಂದೆ ಕುಳಿತ.

"ದೊಡ್ಡವ್ವಾ, ಅಪ್ಪನ ತಲಿ ಸರಿ ಇಲ್ಲ. ಮನ್ನೆ ಕೀಲಿಕೈ ಹಿಟ್ಟಿನ ಡಬ್ಬ್ಯಾಗ ಇಟ್ಟಿದ್ದ. ಬಾಜೂ ಮನಿಯವರನ್ನ ಸತ್ತವರ ಹೆಸರು ಹಿಡದು ಕರದ. ಈಗ ಆಟದ ಕಂಪ್ಯೂಟರ್ ಅಂತಾನ. ಧಾರವಾಡಕ್ಕ ಒಯ್ದು ತೋರಸ್ತೇನಿ. ಇನ್ನ ಒಬ್ಬನ್ನ ಹೊರಗ ಬಿಡಬ್ಯಾಡ."

ನಮ್ಮ ಕಡೆ 'ಧಾರವಾಡಕ್ಕ ತೋರಸ್ತೇನಿ' ಎಂದರೆ ಪೇಢೆ ತರಲು ಹೋಗುವುದಲ್ಲ, ಹುಚ್ಚಿನ ದವಾಖಾನೆಗೆ ಹೋಗುವುದು. ಅದಾದರೂ ಇರಲಿ. ಒಬ್ಬನೇ ಹೊರಗೆ ಬಿಡಬೇಡ ಎಂದನಲ್ಲ, ಅದು ನನಗೆ ಚುಚ್ಚಿತು. ಜನ್ಮವಿಡೀ ಪೇಟೆ ಪೇಟೆ ತಿರುಗಿದವನನ್ನು ಮುದಿಗಾಲಕ್ಕೆ ಗೂಟಕ್ಕೆ ಕಟ್ಟುವುದೇ?

"ಹೋದ ವರ್ಷ ಜ್ವಾಳದ ಬೀಜ ಅಂತ ನೀ ಗೋವಿನಜ್ವಾಳ ಕೊಟ್ಟು ಕಳಿಸಿದ್ದಿ. ಆಗ ನಿನ್ನ ಯಾವೂರಿಗೆ ಒಯ್ಯೂದಿತ್ತು?" ಎಂದೆ.

ಮಗ ನಗಲಿಲ್ಲ. ಕೊನೆಗೊಂದು ಮಾತಿಗೆ ಬಂದ. ಅಪ್ಪ ಕಟ್ಟಿಸಿದ ಯಂತ್ರ ಎಲ್ಲರ ಮುಂದೆ ಚಾಲೂ ಆಗಬೇಕು. ಆಯಿತೆಂದರೆ ತಾನು ಸುಮ್ಮನಿರುತ್ತೇನೆ, ಆಗದಿದ್ದರೆ ಮರುದಿನವೇ ಧಾರವಾಡ, ಆಮೇಲೆ ಮನೆಯ ಹೊಸ್ತಿಲು ದಾಟುವಂತಿಲ್ಲ. ಮೈದುನ ಕಟ್ಟೆಯ ಮೇಲಿಂದಲೇ ಕೇಳಿಸಿಕೊಂಡ. "ಆಗಲಿ" ಎಂದ. ಅವನ ಕೈ ಮಾತ್ರ ಟವೆಲಿನ ಅಂಚು ಹಿಂಡುತ್ತಿತ್ತು.

ಬಿಡಿಭಾಗ ಆರಿಸಲು ಬೆಳಗಾವಿಗೆ ನಾನೂ ಹೋದೆ. ಯಾಕೆ ಹೋಗಬಾರದು? ಬಸ್ಸು ಹೆಂಗಸರಿಗೆ ಪುಕ್ಕಟೆ. ಅಂಗಡಿಯ ಮಾಲೀಕ ಮೂವತ್ತು ದಾಟಿದವನು, ಮರ್ಯಾದಸ್ಥ. ಮೊದಲು ಒಂದು ಗಾಜಿನ ಪೆಟ್ಟಿಗೆ ತೋರಿಸಿದ. ಒಳಗೆ ಕೆಂಪು, ನೀಲಿ, ಹಸಿರು ದೀಪ ತಿರುಗುತ್ತಿದ್ದವು.

"ಗೇಮಿಂಗ್‌ಗೆ ಎಲ್ಲಾರೂ ಇದನ್ನ ಒಯ್ತಾರ್ರಿ ಮುತ್ಯಾ."

"ಕೊಂಬಿಗೆ ಬಣ್ಣ ಬಡದಾರಂದ್ರ ಎತ್ತು ಮುದಿ ಐತಿ ಅಂತ ಅರ್ಥ" ಎಂದ ಮೈದುನ. "ಗಾಳಿ ಆಡೂ ಹಂಥಾದು, ಸಾದಾ, ಕರೇದು ತೋರಿಸ್ರಿ."

ಆಮೇಲೆ ಮಾಲೀಕ ಅಟ್ಟದಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡು ತಂದು, ಅದಕ್ಕೊಂದು ಬಡಕಲು ಪ್ರೊಸೆಸರ್ ಜೋಡಿಸಲು ನೋಡಿದ. ಮೈದುನ ನೋಟ್‌ಬುಕ್ಕು ತೆಗೆದು, "ಹೋರಿ ಬಾಜೂಕ ಕತ್ತೆ ಕಟ್ಟತೀರೇನ್ರಿ?" ಎಂದು ಕೇಳಿದ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಮ್ಮ ಡಬ್ಬಿ ಕೆಳಗಿಟ್ಟು ಇವನ ಹತ್ತಿರ ಬಂದು ನಿಂತರು, ತಮ್ಮದನ್ನೂ ಒಂದಿಷ್ಟು ನೋಡಿ ಹೇಳಲಿ ಎಂದು.

ಹಲ್ಲಿನ ವಿಷಯ ಇಲ್ಲಿ ಬರುತ್ತದೆ. ರ‍್ಯಾಮ್ ಎಂಬುದು ಒಂದು ಪಟ್ಟಿ, ಅದರ ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳು. ಹೊಸದು ಎಂದು ಕೊಟ್ಟದ್ದನ್ನು ಮೈದುನ ಬೆಳಕಿಗೆ ಹಿಡಿದ, ಕನ್ನಡಕ ಏರಿಸಿದ, ಇಳಿಸಿದ. ಹಲ್ಲಿನ ಮೇಲೆ ಸಣ್ಣ ಗೀರುಗಳಿದ್ದವು.

"ಇದು ಒಂದು ನೊಗ ಕಂಡೈತಿ."

ಮಾಲೀಕ ಇಸಿದುಕೊಂಡು ನೋಡಿದ. ಕಿವಿ ಕೆಂಪಾದವು. ಪರೀಕ್ಷೆಗೆಂದು ಯಾವುದೋ ಯಂತ್ರಕ್ಕೆ ಹಾಕಿ ತೆಗೆದದ್ದು ತಪ್ಪಿ ಹೊಸ ಡಬ್ಬಿಗೆ ಸೇರಿತ್ತಂತೆ. ಬೇರೆ ತಂದುಕೊಟ್ಟ.

ವ್ಯಾಪಾರ ಮುಗಿಸುವ ಹೊತ್ತಿಗೆ ಮೈದುನ ಹೆಗಲ ಮೇಲಿನ ಟವೆಲು ತೆಗೆದು ಮಾಲೀಕನ ಕೈ ಮೇಲೆ ಹೊದಿಸಿ, ಕೆಳಗಿನಿಂದ ಅವನ ಬೆರಳು ಹಿಡಿದ. ದನದ ಪೇಟೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ, ಹೀಗೆ ಬೆರಳು ಅಮುಕಿಯೇ ಹೇಳುವುದು. ಪಾಪ, ಆ ಮನುಷ್ಯನಿಗೇನು ಗೊತ್ತು?

"ಮುತ್ಯಾ, ನನಗ ಜ್ವರಾ ಏನೂ ಇಲ್ರಿ" ಎಂದ.

"ಸುಮ್ಮ ಬೆರಳ ಕೊಡು ತಮ್ಮಾ, ಧಾರಿ ಎರಸ್ಕೊಳ್ಳಾಕ ಹತ್ತಿಲ್ಲ ನೀ" ಎಂದು ನಾನೇ ಹೇಳಬೇಕಾಯಿತು.

ಚಹಾ ಬರುವಷ್ಟರಲ್ಲಿ ಅವನೂ ತಿರುಗಿ ಬೆರಳು ಅಮುಕುತ್ತಿದ್ದ. ಎಷ್ಟಕ್ಕೆ ಮುಗಿಯಿತು ಎಂದು ಕೇಳಬೇಡಿ. ಟವೆಲಿನ ಕೆಳಗಿನ ಮಾತು ಟವೆಲಿನ ಕೆಳಗೇ ಇರಬೇಕು.

ಆರಿಸಿದ ಭಾಗಗಳನ್ನೆಲ್ಲ ಅಂಗಡಿಯವರೇ ಪೆಟ್ಟಿಗೆಯಲ್ಲಿ ಕೂಡಿಸಿಡುವುದೆಂದು ಮಾತಾಗಿತ್ತು. ನಾಲ್ಕು ದಿನ ಬಿಟ್ಟು ತರಲು ಹೊರಟಾಗ, "ಒಬ್ಬನ ಹೋಗತೇನ್ರಿ ವೈನಿ" ಎಂದ. ಮಗ ಬೇಡವೆಂದ. ನಾನು ಹೋಗೆಂದೆ. ಹೋದ, ಸಂಜೆಯೊಳಗೆ ಬಂದ, ಪೆಟ್ಟಿಗೆಯೂ ಬಂತು. ದಾರಿಯಲ್ಲಿ ಪೆಟ್ಟಿಗೆಯನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂಡಿಸಿದ್ದನಂತೆ. ನೇಸರಗಿ ಹತ್ತಿರ ಕಂಡಕ್ಟರ್ ಬಂದು ಅದಕ್ಕೂ ಟಿಕೀಟು ಕೇಳಿದನಂತೆ.

"ಇದು ಹೆಣ್ಣೈತಿ. ಹೆಂಗಸರಿಗೆ ಪುಕ್ಕಟ ಅಲ್ಲೇನ್ರಿ?"

"ಹಂಗಾರ ಆಧಾರ್ ಕಾರ್ಡ್ ತೋರಿಸ್ರಿ ಮುತ್ಯಾ" ಎಂದನಂತೆ ಅವನು.

ಮರುದಿನ ರವಿವಾರ. ಮಗ ಬಂದ, ಓಣಿಯ ನಾಲ್ಕು ಜನರೂ ಬಂದರು. ಟಿವಿಯ ಕೆಳಗೆ ಪೆಟ್ಟಿಗೆ ಇಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದದ್ದಾಯಿತು. ಮಗ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದ.

"ಅಪ್ಪಾ, ವಾಯರ್ ಎಲ್ಲಿ?"

ಕರೆಂಟಿಗೆ ಚುಚ್ಚುವ ವಾಯರಿಲ್ಲ. ಟಿವಿಗೆ ಜೋಡಿಸುವ ವಾಯರೂ ಇಲ್ಲ. ಮೈದುನ ಕೈಚೀಲ ನೋಡಿದ, ಖಾಲಿ. ಅಂಗಿಯ ಕಿಸೆ ಮುಟ್ಟಿಕೊಂಡ, ವಾಯರು ಕಿಸೆಯಲ್ಲಿ ಇರುವ ವಸ್ತುವೋ ಎಂಬಂತೆ. ಆಮೇಲೆ ತಲೆ ಎತ್ತಿ ಹೇಳಿದ.

"ತಂದಿಲ್ಲ. ಎತ್ತು ಮಾರಿದವನ ಹಗ್ಗ ಮನಿಗಿ ತರಬಾರದು."

ಇದು ನಮ್ಮ ಕಡೆಯ ಪದ್ಧತಿ, ಸುಳ್ಳಲ್ಲ. ಎತ್ತು ಮಾರಿದವನು ತನ್ನ ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಾನೆ. ಹಗ್ಗವೂ ಹೋದರೆ ಅವನ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ನಂಬಿಕೆ.

"ಕೇಳಿದೇನ ದೊಡ್ಡವ್ವಾ? ವಾಯರಿಗೆ ಹಗ್ಗ ಅಂತಾನ. ನಾಳೆ ಮುಂಜಾನೆ ಧಾರವಾಡ, ಮುಗೀತು." ಮಗ ಎದ್ದೇಬಿಟ್ಟ.

"ಕುಂದರು" ಎಂದೆ. "ಹಗ್ಗ ಮಾರಿದವಂದಲ್ಲ, ಕೊಂಡವರದ ಇರಬೇಕು. ಪದ್ಧತಿ ಪದ್ಧತಿನ. ನಾ ತರತೇನಿ."

ಪೆಟ್ಟಿಗೆಯ ಹಿಂದೆ ನಾನೂ ಬಗ್ಗಿದೆ. ಮೂರು ಕಡ್ಡಿಯ ಒಂದು ಬಾಯಿ ಇತ್ತು. ಈ ಬಾಯಿಯನ್ನು ನಾನು ಎಲ್ಲಿ ನೋಡಿದ್ದೇನೆ? ದಿನಾ ನೋಡುತ್ತೇನೆ! ಅಡುಗೆಮನೆಗೆ ಹೋಗಿ ಅನ್ನ ಮಾಡುವ ಕರೆಂಟ್ ಕುಕ್ಕರಿನ ವಾಯರು ಕಿತ್ತು ತಂದೆ. ಟಿವಿಗೂ ಡಿಶ್ ಡಬ್ಬಿಗೂ ನಡುವೆ ಒಂದು ಚಪ್ಪಟೆ ಬಾಯಿಯ ವಾಯರಿತ್ತು, ಅದನ್ನೂ ಕಿತ್ತೆ. ಎರಡೂ ಹೇಳಿ ಮಾಡಿಸಿದಂತೆ ಕೂತವು. ಗುಂಡಿ ಒತ್ತಿದ ಕೂಡಲೆ ಫ್ಯಾನು ಗುಂಯ್ ಎಂದಿತು, ಟಿವಿಯ ತುಂಬ ಬೆಳಕು ಬಂತು. ನಾಲ್ಕನೇ ಇಯತ್ತೆ ಸಾಕಾಯಿತು, ನೋಡಿ.

ಮೊಮ್ಮಗಳು ಫೋನಿನಲ್ಲಿ ಹೇಳಿಕೊಟ್ಟಂತೆ ಆಟ ಇಳಿಸಿಕೊಂಡು, ಸಂಜೆಯ ಹೊತ್ತಿಗೆ ಮೈದುನ ಹತ್ತು ಎಕರೆ ಉತ್ತು ಮುಗಿಸಿದ. ಯಂತ್ರ ಎಲ್ಲೂ ನಿಲ್ಲಲಿಲ್ಲ, ಬಿಸಿಯಾಗಲಿಲ್ಲ. ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದವನು ಸಣ್ಣ ದನಿಯಲ್ಲಿ ಕೇಳಿದ, "ಇದರಾಗ ಸಿನಿಮಾನೂ ಬರತೈತೇನ ಅಪ್ಪಾ?" ಗೆದ್ದೆವೆಂದು ನನಗೆ ಆಗ ಗೊತ್ತಾಯಿತು. ಹೊಸ ವಾಯರು ಬರುವವರೆಗೆ ಮನೆಯಲ್ಲಿ ಅನ್ನವಿಲ್ಲ, ಟಿವಿಯ ಧಾರಾವಾಹಿಯೂ ಇಲ್ಲ. ಯಾರೂ ಸಾಯಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನೀವು ನಕ್ಕು ಪುಟ ತಿರುಗಿಸುತ್ತಿದ್ದಿರಿ. ಮುಗಿಯಲಿಲ್ಲ. ಎರಡು ದಿನ ಬಿಟ್ಟು ಮುಂಜಾನೆ ನಾನು ಒಲೆಯ ಮುಂದಿದ್ದಾಗ ಮೈದುನ ಬಂದು ಹೊಸ್ತಿಲ ಮೇಲೆ ಕುಳಿತ.

"ವೈನಿ, ಹಗ್ಗದ ಮಾತು ಸುಳ್ಳ. ವಾಯರಿನ ಚೀಲಾ ಅಂಗಡ್ಯಾಗ ಮರತ ಬಂದಿದ್ದೆ."

"ಗೊತ್ತೈತಿ."

"ಹೆಂಗ?"

"ಮಾರಿದವ ಹಗ್ಗ ಕೊಡೂದಿಲ್ಲಂತ ಕೊಳ್ಳಾವ ಹೊಸಾ ಹಗ್ಗ ಹೆಗಲಿಗೆ ಹಾಕ್ಕೊಂಡ ಹೋಗತಾನ. ನೀ ಬರಿಗೈಲೆ ಹೋಗಿದ್ದಿ. ಈ ಮನ್ಯಾಗ ಎಷ್ಟ ಎತ್ತ ಬಂದಾವ, ಎಷ್ಟ ಹೋಗ್ಯಾವ, ನಾ ನೋಡಿಲ್ಲೇನು?"

ಮೈದುನ ಹೆಗಲ ಮೇಲಿನ ಟವೆಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಹೆಸರು ಜಾರಾಕ ಹತ್ಯಾವ್ರಿ. ಮಗನ ಹೆಸರು ಸೈತ ಒಂದಿನ ಬಾಯಿಗೆ ಬರಲಿಲ್ಲ. ತಲಿ ಇನ್ನೂ ನಂದ ಐತೋ ಇಲ್ಲೋ ನೋಡಬೇಕಾಗಿತ್ತು. ಎಲ್ಲಾಕಿಂತ ತ್ರಾಸಿನ ವಿದ್ಯಾ ಯಾವುದೈತಿ, ಅದನ್ನ ಕಲಿಯೂಣು ಅಂತ ಇದಕ್ಕ ಕೈ ಹಾಕಿದೆ. ಆಟದ ಹುಚ್ಚಿಗೆ ಅಲ್ರಿ."

ನಾನು ಅಳುವ ಪೈಕಿಯವಳಲ್ಲ. ಹಿಟ್ಟಿನ ಕೈ ತೊಳೆದುಕೊಂಡೆ, ಸೀರೆ ಬದಲಿಸಿದೆ, ಅವನನ್ನು ಕರೆದುಕೊಂಡು ಧಾರವಾಡದ ಬಸ್ಸು ಹತ್ತಿದೆ. ಹೌದು, ಧಾರವಾಡಕ್ಕೇ. ಯಾರೋ ಒಯ್ಯುವುದು ಬೇರೆ, ನಾವಾಗಿ ಹೋಗುವುದು ಬೇರೆ. ಡಾಕ್ಟರ್ ಹೆಣ್ಣುಮಗಳು. ಇತ್ತೀಚೆಗೆ ಏನು ಮಾಡಿದಿರಿ ಎಂದು ಕೇಳಿದಳು. ಇವನು ಪ್ರೊಸೆಸರಿನಿಂದ ಶುರು ಮಾಡಿದ. ಹೊರಗಿನ ಪೇಷಂಟುಗಳು ಬಾಗಿಲು ಬಡಿಯುವವರೆಗೆ ಆಕೆ ಪೆನ್ನು ಕೆಳಗಿಟ್ಟು ಕೇಳಿದಳು. ಕೊನೆಗೆ ಹೇಳಿದಳು, ಇದು ಹುಚ್ಚಲ್ಲ, ಮರೆವು ಶುರುವಾಗಿದೆ, ಅದು ಪೂರ್ತಿ ವಾಸಿಯಾಗುವಂಥದ್ದಲ್ಲ. ಗುಳಿಗೆ ತಗೊಳ್ಳಲಿ, ದಿನಾ ತಲೆಗೆ ಕೆಲಸ ಕೊಡಲಿ, ಕೂಡಿಹಾಕಬೇಡಿ. ಆ ಕೊನೆಯ ಮಾತನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡೆ. ಮಗನ ಅಂಗಡಿಗೆ ಹೋಗಿ, ಗಿರಾಕಿಗಳಿದ್ದಾಗಲೇ, ಗಟ್ಟಿಯಾಗಿ ಓದಿಸಿದೆ.

ಇದನ್ನು ಬರೆಯಲೇ ಎಂದು ಮೈದುನನನ್ನು ಕೇಳಿದ್ದೇನೆ. "ಬರೀರಿ ವೈನಿ, ಹೆಸರೊಂದ ಹಾಕಬ್ಯಾಡ್ರಿ" ಎಂದ.

ಈಗ ದಿನಾ ಮುಂಜಾನೆ ನಾನು ರೊಟ್ಟಿ ಬಡಿಯುವಾಗ ಅವನು ಹೊಸ್ತಿಲ ಮೇಲೆ ಕುಳಿತು ಆ ಪೆಟ್ಟಿಗೆಯೊಳಗಿನ ಭಾಗಗಳನ್ನು ಒಂದೊಂದಾಗಿ ಹೇಳುತ್ತಾನೆ. ನನಗೂ ಬಾಯಿಪಾಠವಾಗಿವೆ. ಅವನು ಮರೆತರೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕಲ್ಲ ಎಂದು, ಯಾರಿಗೂ ಹೇಳದೆ ಕಲಿತೆ. ನಿನ್ನೆ ನಾಲ್ಕನೆಯ ಹೆಸರಿನ ಹತ್ತಿರ ನಿಂತ. ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನಿಲ್ಲಿಸಿ, ಅವನ ಕಡೆ ನೋಡದೆ, ಕಾದೆ. ಬಹಳ ಹೊತ್ತಾಯಿತು. ಆಮೇಲೆ ಬಂತು, ತಾನಾಗಿ ಬಂತು. ಅಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಸೀದು ಕರ‍್ರಗಾಗಿತ್ತು.

ಸೀಯಲಿ. ನಾಯಿಗೆ ಹಾಕಿದೆ, ಇನ್ನೊಂದು ಬಡಿದೆ.